ಅಕ್ಕನ ಮಾತು ಹಿಡಿಸದ ಪೆನ್‌ಡ್ರೈವ್

ಜೂನ್ ೧೧, ಗುರುವಾರ

ಪೆನ್‌ಡ್ರೈವ್‌ನಲ್ಲಿ ಜಾಗ ಬೇಕಾದಷ್ಟಿದೆ, ಆದರೂ ಅಕ್ಕನ ವಿಡಿಯೋ ಹೋಗುತ್ತಿಲ್ಲ. ನಾಳೆ ಅವಳ ಗಂಟಲಿನ ಆಪರೇಷನ್; ಆಮೇಲೆ ದನಿಯೇ ಇರುವುದಿಲ್ಲ. ತನ್ನ ಮಗಳಿಗೆಂದು ಮಧ್ಯಾಹ್ನವೆಲ್ಲ ಕೂತು ಮಾತಾಡಿದ್ದಾಳೆ. ಎರವಲು ತಂದ ಕ್ಯಾಮೆರಾ ಬೆಳಗ್ಗೆಯೇ ವಾಪಸ್ ಕೊಡಬೇಕು.

"ಜಾಗ ಇದ್ರೂ ಅಷ್ಟೇ, ಒಂದೇ ಫೈಲು ನಾಲ್ಕು ಜಿಬಿ ದಾಟಿದ್ರೆ ಇದು ತಗೊಳ್ಳಲ್ಲ. ಎರಡು ತುಂಡು ಮಾಡಿ," ಎಂದ ಕಂಪ್ಯೂಟರ್ ಅಂಗಡಿಯವನು.

ಎಲ್ಲಿ ಕತ್ತರಿಸಲಿ? ಎಲ್ಲಿ ನಿಲ್ಲಿಸಿದರೂ ಅವಳ ಬಾಯಲ್ಲಿ ಅರ್ಧ ಮಾತು. ಅವಳಿಗೇ ಫೋನ್ ಮಾಡಿ ಅತ್ತುಬಿಟ್ಟೆ.

"ನಾಳೆ ಡಾಕ್ಟ್ರು ನನ್ನ ಗಂಟಲಿಗೇ ಕತ್ತರಿ ಹಾಕ್ತಾರೆ, ನೀನು ವಿಡಿಯೋಗೆ ಹಾಕೋಕೆ ಅಳ್ತೀಯಲ್ಲೇ!" ಎಂದು ಅಕ್ಕ ಆ ಒಡಕು ಗಂಟಲಲ್ಲೇ ಜೋರಾಗಿ ನಕ್ಕಳು.

ಕತ್ತರಿಸಿದೆ. ಎರಡೂ ತುಂಡು ಪೆನ್‌ಡ್ರೈವ್ ಸೇರಿದವು. ಆ ನಗು ಮಾತ್ರ ಯಾವುದರಲ್ಲೂ ಇಲ್ಲ. ಮತ್ತೆ ಮತ್ತೆ ಫೋನ್ ಮಾಡುತ್ತಿದ್ದೇನೆ, ಎತ್ತುತ್ತಿಲ್ಲ. ಮಲಗಿರಬೇಕು...