ಚೆಂಡು ಎಸೆಯುವವಳ ಜಾಗ

ಫರ್ಹಾನಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಈ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕೆನಿಸಿತು. ಮುಳಗುಂದದ ನಮ್ಮ ಹೈಸ್ಕೂಲಿನಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ಮೂವತ್ತು ವರ್ಷಗಳ ಮೇಲೆ ಮತ್ತೆ ಶುರುವಾಗಿದೆ. ಅದೇ ಆಟ, ಕೈಯನ್ನು ಕೆಳಗಿನಿಂದ ಬೀಸಿ ಚೆಂಡನ್ನು ನಿಧಾನವಾಗಿ ಎತ್ತರಕ್ಕೆ ತೇಲಿಸುವುದು. ಈಗ ಅಲ್ಲಿ ಕನ್ನಡ ಕಲಿಸುವ ನಾನೇ ಹಟ ಹಿಡಿದು ಶುರು ಮಾಡಿಸಿದೆ.

ವಿದ್ಯಾಶ್ರೀ ಎಂಬ ಹುಡುಗಿ ಥೇಟ್ ನಿನ್ನಂತೆ ಎಸೆಯುತ್ತಾಳೆ. ನಾಳೆ ಗದಗದಲ್ಲಿ ಪಂದ್ಯ. ಇವತ್ತು ಅವಳ ಅಪ್ಪ ಬಸಲಿಂಗಯ್ಯನವರು ಶಾಲೆಯ ಗೇಟಿಗೆ ಬಂದಿದ್ದರು.

"ಬಾಯಾರ, ತಿರುಗಿ ಬರೂದ್ರಾಗ ಕತ್ತಲಾಕ್ಕೈತಿ. ಹುಡುಗಿ ಜೋಡಿ ಯಾರ ಬರ್ತಾರ?"

"ನಾನ ಬರ್ತೇನ್ರಿ, ನಿಮ್ಮ ಬಾಗಿಲತನಕ."

"ಹಂಗಾರ ಆತ್ರಿ," ಎಂದು ನಕ್ಕರು. "ಸೋತ್ರೂ ಕರಕೊಂಡ ಬರ್ರಿ ಮತ್ತ!"

ಅಂದೂ ಅಷ್ಟೇ ಮಾತು ಸಾಕಾಗಿತ್ತು, ಫರ್ಹಾನಾ. ನಾವಿಬ್ಬರೂ ಇಲ್ಲಿ ಓದುವಾಗ, ಪಂದ್ಯದ ಮುನ್ನಾದಿನ, ನಿನ್ನ ಅಬ್ಬಾ ಖಾಸಿಂಸಾಬರು ಅದೇ ಗೇಟಿನಲ್ಲಿ ನನ್ನನ್ನು ಕೇಳಿದ್ದರು: "ನಮ್ಮ ಹುಡುಗೀನ ಮನಿತನಕ ಮುಟ್ಟಸ್ತೀಯೇನವಾ?" ನಿಮ್ಮ ಮನೆಯ ಎದುರು ಮನೆಯೇ ನಮ್ಮದು. ನಾನು "ಗೊತ್ತಿಲ್ರಿ ಕಾಕಾ" ಎಂದೆ. ಅವರು ನಿನ್ನನ್ನು ಕಳಿಸಲಿಲ್ಲ.

ನೀನು ಬಾರದಿದ್ದರೆ ಎಸೆಯುವ ಜಾಗ ನನ್ನದಾಗುತ್ತಿತ್ತು. ಬಸ್ಸು ಹೊರಡುವ ಮುನ್ನ ನೀನು ಓಡಿ ಬಂದು, ನಿನ್ನ ಗ್ಲೌಸನ್ನು ನನ್ನ ಎಡಗೈಗೆ ತೊಡಿಸಿ, ಬಲಗೈಯ ಮಣಿಕಟ್ಟು ಹಿಡಿದು ತೋರಿಸಿಕೊಟ್ಟೆ: "ಕೈ ಸಡಲ ಬಿಡ ಲೇ, ಚೆಂಡು ತಾನ ಹೋಗ್ತೈತಿ."

ದ್ರಾಕ್ಷಾಯಣಿ