ಮುಸುರೆಪೆಟ್ಟಿಗೆಯೋ, ಅತ್ತೆಯ ಕಿವಿಯೋ

ಶಾಲಿವಾಹನ ಶಕ ೨೧೩೭, ಆಷಾಢದ ನಲವತ್ತೊಂದನೆಯ ದಿನ, ಧಾರವಾಡ

ಈ ಮನೆಯ ಹಿರಿಯರಾದ ಇಂದುಮತಿ ಅಜ್ಜಿಯವರಿಗೆ, ನಿಮ್ಮ ಏಳನೆಯ ತಲೆಮಾರಿನ ಸೊಸೆ ವರದಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡಿ. ಮಳೆ ಬೀಳುವ ತನಕ ಆಷಾಢ ಮುಗಿಸಬಾರದೆಂದು ನಮ್ಮ ಊರು ಎಂದೋ ತೀರ್ಮಾನಿಸಿದೆ; ಮೊದಲ ಮಳೆಯ ಮರುದಿನವೇ ನಮಗೆ ಶ್ರಾವಣ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಿಧಾನವಾಗಿ ಕೂತು ಬರೆಯುವ ಸ್ಥಿತಿಯಲ್ಲಂತೂ ನಾನಿಲ್ಲ. ಎರಡು ಸಾಲಿಗೊಮ್ಮೆ ಎದ್ದು ಕಿಟಕಿಗೆ ಹೋಗಿ ಮೋಡ ನೋಡಿ ಬರುತ್ತಿದ್ದೇನೆ.

ಮೋಡದ ಚಿಂತೆ ಏಕೆಂದರೆ, ಶ್ರಾವಣದ ಮೊದಲ ಬೆಳಿಗ್ಗೆ ನಮ್ಮ ಮನೆಯ ಹೊಸಪಾಳಿ. ನಮ್ಮ ಕಾಲದಲ್ಲಿ ಹೊಸ ವಸ್ತುವನ್ನು ಬೇಕೆನಿಸಿದಾಗ ತರುವಂತಿಲ್ಲ. ಒಂದು ಮನೆಗೆ ಹನ್ನೆರಡು ವರ್ಷಕ್ಕೊಮ್ಮೆ ಪಾಳಿ ಬರುತ್ತದೆ. ಓಣಿಯ ಹಿರಿಯರು ಬಾಗಿಲಿಗೆ ಬಂದು ಏನು ಬೇಕು ಎಂದು ಕೇಳುತ್ತಾರೆ, ನಾವು ಒಂದೇ ಒಂದು ವಸ್ತುವಿನ ಹೆಸರು ಹೇಳುತ್ತೇವೆ, ಅಲ್ಲಿಗೆ ಮುಗಿಯಿತು. ಈ ಸಲ ಅತ್ತೆಯ ಕಿವಿಯಂತ್ರವೇ ಎಂದು ಮನೆಯಲ್ಲಿ ಎಂದೋ ಮಾತಾಗಿತ್ತು. ನನ್ನತ್ತೆ ನೀಲವ್ವನವರ ಹಳೆಯ ಯಂತ್ರವನ್ನು ಬಿಚ್ಚಿ ನೋಡದ ಕೈ ಈ ಊರಿನಲ್ಲಿಲ್ಲ, ಅದು ಇನ್ನು ಏಳುವುದಿಲ್ಲ. ನನ್ನ ಮಗಳು ಸೌಪರ್ಣಿಕಾ ಹಾಡು ಕಲಿಯುತ್ತಿದ್ದಾಳೆ. ಅತ್ತೆ ಅವಳ ಬಾಯಿ ನೋಡಿಕೊಂಡು ತಲೆದೂಗುತ್ತಾರೆ, ಹಾಡು ಮುಗಿದ ಮೇಲೂ ತೂಗುತ್ತಲೇ ಇರುತ್ತಾರೆ. ಅದನ್ನು ನೋಡಿಕೊಂಡು ಇನ್ನೂ ಹನ್ನೆರಡು ವರ್ಷ ಕಳೆಯುವುದು ನನ್ನಿಂದ ಆಗದ ಮಾತು.

ಅಷ್ಟರಲ್ಲಿ ಮುಸುರೆಪೆಟ್ಟಿಗೆ ಕೈಕೊಟ್ಟಿತು. ನೀವು ಅದನ್ನು ಡಿಶ್‌ವಾಷರ್ ಎನ್ನುತ್ತಿದ್ದಿರಂತೆ. ನೀವು ಕೊಂಡ ಪೆಟ್ಟಿಗೆಯೇ ಇದು ಎಂದು ನನ್ನ ಗಂಡ ಚನ್ನವೀರ ಬಂದವರಿಗೆಲ್ಲ ಹೇಳುತ್ತಾನೆ, ಆದರೆ ಮೋಟರು, ಕೊಳವೆ, ಜಾಲರಿ ಎಲ್ಲವೂ ಬದಲಾಗಿ ನಿಮ್ಮದೆಂದು ಉಳಿದಿರುವುದು ಬಾಗಿಲೊಂದೇ. ಇದಿಲ್ಲದೆ ಮನೆ ನಡೆಯುವುದಿಲ್ಲ. ಕೈಯಲ್ಲಿ ಪಾತ್ರೆ ತಿಕ್ಕುವುದು ನಮ್ಮಲ್ಲಿ ನಿಷಿದ್ಧ. ಅಡುಗೆಮನೆಗೆ ಬರುವುದು ಅಳತೆಯ ಕುಡಿಯುವ ನೀರು ಮಾತ್ರ. ತೊಳೆಯುವ ನೀರು ನೇರವಾಗಿ ಪೆಟ್ಟಿಗೆಗೆ ಹೋಗಿ, ಅಲ್ಲಿಂದಲೇ ಊರಿನ ಶೋಧಕಕ್ಕೆ ಮರಳುತ್ತದೆ. ಪೆಟ್ಟಿಗೆ ಕೆಟ್ಟರೆ ಎಂಜಲು ತಟ್ಟೆಗಳನ್ನು ಹೊತ್ತುಕೊಂಡು ಪಕ್ಕದ ಮನೆಗೆ ಹೋಗಬೇಕು. ಯುಗಾದಿಯ ಹೊತ್ತಿಗೆ ಊರಿನವರು ನೀರು ಉಳಿಸಲೆಂದು ಎಲ್ಲ ಪೆಟ್ಟಿಗೆಗಳಿಗೂ ಒಂದು ನೀರ್ಗಣ್ಣು ಕೂರಿಸಿದರು. ಒಳಗಿನ ನೀರು ಎಷ್ಟು ಕೊಳೆಯಾಗಿದೆಯೆಂದು ನೋಡುವ ಗಾಜಿನ ಗುಂಡಿ ಅದು. ಅಲ್ಲಿಂದೀಚೆಗೆ ನಮ್ಮ ತಟ್ಟೆಗಳು ಜಿಡ್ಡುಜಿಡ್ಡಾಗಿಯೇ ಹೊರಬರುತ್ತಿವೆ. ಕೂರಿಸಿದವರನ್ನು ಕರೆಸಿ ಕೇಳಿದರೆ ನೀರ್ಗಣ್ಣು ಸರಿಯಾಗಿದೆ, ನಿಮ್ಮ ಪೆಟ್ಟಿಗೆಗೆ ವಯಸ್ಸಾಗಿದೆ ಎಂದು ಹೇಳಿ ಚಹಾ ಕುಡಿದು ಹೋದರು.

ನಮ್ಮ ಕಡೆಯಿಂದ ತಪ್ಪಿಲ್ಲವೆಂದೇ ನನ್ನ ನಂಬಿಕೆ. ಮುಸುರೆಯನ್ನು ಹಾಗೇ ಪೆಟ್ಟಿಗೆಯೊಳಗೆ ಇಡಬಾರದೆಂದು ನೀವು ಹಾಕಿಕೊಟ್ಟ ಪದ್ಧತಿಯನ್ನು ಈ ಮನೆ ಇವತ್ತಿಗೂ ಬಿಟ್ಟಿಲ್ಲ. ಅತ್ತೆ ತಮ್ಮ ಕುಡಿಯುವ ನೀರಿನ ಪಾಲಿನಲ್ಲೇ ಅಷ್ಟಿಷ್ಟು ಉಳಿಸಿ, ಒಂದೊಂದು ತಟ್ಟೆಯನ್ನೂ ಬಳಿದು ಗಲಬರಿಸಿ, ಆ ನೀರನ್ನು ಕರಿಬೇವಿನ ಕುಂಡಕ್ಕೆ ಚೆಲ್ಲಿ, ಆಮೇಲೆ ಒಳಗೆ ಜೋಡಿಸುತ್ತಾರೆ. ನಾನು ಜಾಲರಿ ತೆಗೆದು ಉಜ್ಜಿದೆ. ಬಾಗಿಲಿನ ರಬ್ಬರು ಒರೆಸಿದೆ. ನೀರು ಚಿಮ್ಮಿಸುವ ಮೇಲಿನ ತೋಳನ್ನು ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಗಿಲಕಿಯಂತೆ ಸದ್ದು. ನೋಡಿದರೆ ಒಗ್ಗರಣೆಯ ಸಾಸಿವೆ, ತೂತಿಗೊಂದರಂತೆ ಅಳತೆ ಮಾಡಿ ಕೂರಿಸಿದ ಹಾಗೆ. ಅತ್ತೆಯ ಸೀರೆಯ ಪಿನ್ನಿನಿಂದ ಅಷ್ಟನ್ನೂ ಕೆದಕಿ ತೆಗೆದೆ. ಈಗ ತೋಳು ಚೆನ್ನಾಗಿ ತಿರುಗುತ್ತದೆ, ತಟ್ಟೆಯ ಜಿಡ್ಡು ಮಾತ್ರ ಹಾಗೇ ಇದೆ. ತೊಳೆಯಲು ಶುರು ಮಾಡಿದ ಸ್ವಲ್ಪ ಹೊತ್ತಿಗೇ ಮುಗಿಯಿತೆಂದು ದೀಪ ತೋರಿಸಿ ನಿಂತುಬಿಡುತ್ತದೆ, ಸೋಮಾರಿ.

ಚನ್ನವೀರನಿಗೆ ತಾಳ್ಮೆ ತಪ್ಪಿದೆ, ಪಾಳಿಯಲ್ಲಿ ಹೊಸ ಪೆಟ್ಟಿಗೆಯನ್ನೇ ಕೇಳೋಣವೆಂಬ ಹಟ. “ಇನ್ನೆಷ್ಟ ತ್ಯಾಪಿ ಹಚ್ಚತಿ ಇದಕ್ಕ? ಅವ್ವನ ಒಪ್ಪ್ಯಾಳ, ನಡುವ ನಿಂದೇನ?” ಎನ್ನುತ್ತಾನೆ. ಅತ್ತೆ ಒಪ್ಪಿರುವುದು ನಿಜ. “ನನಗ್ಯಾಕ ಬೇಕವಾ ಕಿವಿ? ಕೇಳೂದೆಲ್ಲಾ ಕೇಳಿ ಮುಗಿಸೀನಿ. ಮುಸುರಿ ಹೊತಗೊಂಡು ಮಂದಿ ಮನಿಗೆ ಹೋಗೂದು ಬ್ಯಾಡ, ಪೆಟಗೀನ ತರ್ರಿ,” ಎಂದು ನನ್ನ ಕೈ ಹಿಡಿದು ಹೇಳಿದರು. ಹೇಳಿದ್ದು ತುಸು ಜೋರಾಗಿಯೇ. ತಮ್ಮ ದನಿ ತಮಗೇ ಕೇಳುವುದಿಲ್ಲವಲ್ಲ. ಮಳೆ ಬರಲಿ ಎಂದು ಊರೆಲ್ಲ ಬೇಡುತ್ತಿದ್ದರೆ, ಇನ್ನೊಂದು ದಿನ ತಡೆಯಲಿ ಎಂದು ಬೇಡುತ್ತಿರುವವಳು ನಾನೊಬ್ಬಳೇ. ಅಗೋ, ಅಂಗಳದಲ್ಲಿ ಮಣ್ಣಿನ ವಾಸನೆ.

ಇಲ್ಲಿಂದ ಮುಂದಿನದನ್ನು ಶ್ರಾವಣದಲ್ಲಿ ಬರೆಯುತ್ತಿದ್ದೇನೆ. ಆ ಸಂಜೆಯೇ ಮಳೆ ಹೊಡೆಯಿತು. ಬೆಳಿಗ್ಗೆ ಓಣಿಯ ಹಿರಿಯರಾದ ಶಿವಪುತ್ರಪ್ಪನವರು ಕೊಡೆ ಮಡಚಿ ಬಾಗಿಲಲ್ಲಿ ನಿಂತು ಏನು ಬೇಕೆಂದು ಕೇಳಿದರು. ಚನ್ನವೀರ ಬಾಯಿ ತೆರೆಯುವ ಮೊದಲೇ ನಾನು, ಕಿವಿ ಎಂದೆ. ಪೆಟ್ಟಿಗೆ ಸರಿಹೋಗುತ್ತದೆಂಬ ಧೈರ್ಯ ನನಗೆ ಎಳ್ಳಷ್ಟೂ ಇರಲಿಲ್ಲ. ಗಂಡ ಮುಖ ಗಂಟಿಕ್ಕಿ ಒಳಗೆ ಹೋದ. ಮಧ್ಯಾಹ್ನ ಊಟವಾದ ಮೇಲೆ, ಎಣ್ಣೆಗಾಯಿಯ ಬಾಣಲೆ ಸಮೇತ ಎಲ್ಲ ಪಾತ್ರೆಗಳನ್ನೂ ಎಂಜಲಿನೊಂದಿಗೇ ಪೆಟ್ಟಿಗೆಯೊಳಗೆ ತುರುಕಿ ಬಾಗಿಲು ಬಡಿದ. “ಹೆಂಗೂ ತೊಳಿಯೂದಿಲ್ಲ ಇದು. ಗಲಬರಿಸಿ ಏನ್ ಮಾಡೂದೈತಿ?” ಎಂದ. ಅತ್ತೆ ಹಣೆ ಹಣೆ ಬಡಿದುಕೊಂಡರು. ಪೆಟ್ಟಿಗೆ ಮಾತ್ರ ಅಂದು ಬೇಗ ನಿಲ್ಲಲಿಲ್ಲ. ಓಡಿತು, ಬಿಸಿಯಾಯಿತು, ಮತ್ತೆ ನೀರು ತುಂಬಿಕೊಂಡು ಓಡಿತು. ತೆರೆದಾಗ ಬಾಣಲೆಯಲ್ಲಿ ನನ್ನ ಮುಖ ಕಾಣುತ್ತಿತ್ತು.

ಆಗ ನನಗೆ ತಿಳಿಯಿತು. ನಾವು ಗಲಬರಿಸಿಟ್ಟ ಪಾತ್ರೆಯಿಂದ ಬಂದ ತಿಳಿನೀರನ್ನು ನೋಡಿ, ಇಲ್ಲಿ ತೊಳೆಯುವುದೇನೂ ಇಲ್ಲವೆಂದು ನೀರ್ಗಣ್ಣು ಕೆಲಸ ನಿಲ್ಲಿಸುತ್ತಿತ್ತು. ಮೇಲಿನ ಕೊಳೆ ಹೋಗಿರುತ್ತಿತ್ತು, ಜಿಡ್ಡು ಉಳಿದಿರುತ್ತಿತ್ತು. ಅತ್ತೆ ಬಾಯಾರಿಕೊಂಡು ಉಳಿಸಿದ ನೀರೇ ಅವರ ಕಿವಿಗೆ ಮುಳುವಾಗುವುದರಲ್ಲಿತ್ತು. ಆದ್ದರಿಂದ ಅಜ್ಜಿ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಸೊಸೆಗೆ ಪೆಟ್ಟಿಗೆಯ ಕೆಲಸ ಕಲಿಸುವಾಗ, ಅನ್ನದ ಅಗುಳು ಬಳಿದು ಹಾಗೇ ಒಳಗಿಡು, ಮುಸುರೆ ತಿನ್ನಲೆಂದೇ ಅದು ಇರುವುದು ಎಂದು ಹೇಳಿಬಿಡಿ. ಈ ಮನೆಯಲ್ಲಿ ಹಿರಿಯರ ಮಾತು ಎಷ್ಟು ಗಟ್ಟಿ ಎಂದು ನಿಮಗೇ ಗೊತ್ತು. ನಾನು ಹೇಳಿದರೆ ಅತ್ತೆ ಕೇಳುವುದಿಲ್ಲ, ಕಿವಿ ಬಂದ ಮೇಲೂ.

ಕಿವಿ ಇವತ್ತು ಬಂತು. ಸೌಪರ್ಣಿಕಾ ಎದುರಿಗೆ ಕೂತು ಹಾಡಿದಳು. ಅತ್ತೆ ಈ ಸಲ ಅವಳ ಬಾಯಿ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡು ತಲೆದೂಗಿದರು. ಹಾಡು ನಿಂತಿತು, ತಲೆಯೂ ನಿಂತಿತು. ಚನ್ನವೀರ ಎದ್ದು ಹಿತ್ತಲಿಗೆ ಹೋದ, ಅಳುತ್ತಿದ್ದನೆಂದು ನಾನು ಬಲ್ಲೆ. ಅತ್ತೆ ಮಾತ್ರ ಕಣ್ಣು ತೆರೆದು ಅಡುಗೆಮನೆಯ ಕಡೆ ತಿರುಗಿದರು. “ಆ ಪೆಟಗಿ ಕರ್ ಕರ್ ಅನ್ನಾಕತ್ತೈತಿ. ನಿಮಗ ಯಾರಿಗೂ ಕೇಳವಲ್ದೇನ?” ಎಂದರು.

ದಿನವೂ ಕೇಳಿ ಕೇಳಿ ನಮಗೆ ಅದು ಸದ್ದೆಂದೇ ಅನಿಸುತ್ತಿರಲಿಲ್ಲ. ಮೋಟರಿನ ಬೇರಿಂಗ್ ಸವೆದಿರಬೇಕು. ಮುಂದಿನ ಪಾಳಿಗೆ ಇನ್ನೂ ಹನ್ನೆರಡು ವರ್ಷವಿದೆ. ಕಾಗದ ಇಲ್ಲಿಗೇ ನಿಲ್ಲಿಸುತ್ತೇನೆ, ಅಜ್ಜಿ, ಅಪ್ಪಣೆ ಕೊಡಿ. ಅತ್ತೆ ಪೆಟ್ಟಿಗೆಯ ಆ ನಿಮ್ಮ ಬಾಗಿಲಿಗೆ ಹೊಸ ಕಿವಿಯಿಟ್ಟು ಕೂತು, ಸದ್ದು ಬರುವ ಜಾಗವನ್ನು ಬೆರಳಿಟ್ಟು ತೋರಿಸುತ್ತಿದ್ದಾರೆ. ನಾನು ಬಿಚ್ಚಬೇಕು.