ತೊಂಬತ್ತು ಕಿಲೋಮೀಟರ್ ಉಳಿದಿತ್ತು

ವಾಲ್ನಟ್ ಕ್ರೀಕ್
೧೧ ಏಪ್ರಿಲ್ ೧೯೯೯, ಭಾನುವಾರ

ಪ್ರೀತಿಯ ಲೀಲಾಧರರಿಗೆ,

ನಾನೂ ಸುರಕ್ಷಾಳೂ ಇಲ್ಲಿ ಕ್ಷೇಮ. ನಿಮ್ಮ ಎರಡು ಕಾಗದ ಬಂದು ಏಳು ವಾರವಾದರೂ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಆಫೀಸಿನ ಕೆಲಸ ಎಂದು ಫೋನಿನಲ್ಲಿ ಹೇಳಿದ್ದು ನೆಪ. ಹೇಳಬೇಕಾದದ್ದನ್ನು ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ಇಮೇಲ್ ಮಾಡಿದರೆ ಆಫೀಸಿನವರು ಓದಬಹುದು. ನಾವು ಮಾತಾಡುವುದೂ ಜಗಳವಾಡುವುದೂ ತುಳುವಿನಲ್ಲಿ. ಆದರೆ ಇಂಥದ್ದನ್ನು ಬರೆಯಲು ಕೂತರೆ ನನಗೆ ಶಾಲೆಯಲ್ಲಿ ಕಲಿತ ಕನ್ನಡವೇ ಬೇಕು.

ಮಗಳ ಮುಂದಿನ ಎರಡು ಹಲ್ಲು ಬಿದ್ದಿವೆ. ಅಪ್ಪ ಬರಬಹುದು ಎಂದು ಮೊನ್ನೆ ಹೇಳಿದೆ. ಬಣ್ಣ ಹಚ್ಚುತ್ತಿದ್ದವಳು ತಲೆ ಎತ್ತದೆ, "ಈಸ್ ಹೀ ಸ್ಟೇಯಿಂಗ್, ಆರ್ ಜಸ್ಟ್ ವಿಸಿಟಿಂಗ್?" ಎಂದಳು. ನೀವು ಕಳೆದ ಬಾರಿ ಬಂದು ಹೋಗಿ ಹದಿನಾರು ತಿಂಗಳಾಯಿತಲ್ಲ.

ಪಕ್ಕದ ಅಪಾರ್ಟ್‌ಮೆಂಟಿನ ಪ್ರಭಾ ಹಾಸನದವರು, ಗಂಡ ಯಾವುದೋ ಇಂಟರ್‌ನೆಟ್ ಕಂಪನಿಯಲ್ಲಿದ್ದಾರೆ. ಚಳಿಗಾಲದಲ್ಲಿ ಪೆಟ್ರೋಲು ಅಗ್ಗವಾದಾಗ ಬಸ್ಸಿನಷ್ಟು ದೊಡ್ಡ ಗಾಡಿ ತಗೊಂಡರು. "ಎಣ್ಣೆ ರೇಟು ಬಿದ್ರೆ ಯಾರಿಗೇನ್ರೀ ನಷ್ಟ? ಎಲ್ಲರಿಗೂ ಒಳ್ಳೇದೇ ಅಲ್ವಾ?" ಎಂದು ನನ್ನನ್ನೇ ಕೇಳಿದರು. ನಕ್ಕುಬಿಟ್ಟೆ.

ಕಳೆದ ಶನಿವಾರ ಫೋನಿನಲ್ಲಿ ನೀವು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಕೆಲಸ ನಿಲ್ಲಿಸಿದ್ರು ಮಾರಾಯ್ತಿ. ಕ್ಯಾಂಪ್ ಖಾಲಿ ಮಾಡ್ಲಿಕ್ಕೆ ಹೇಳಿದ್ದಾರೆ. ನೂರತೊಂಬತ್ತು ಕಿಲೋಮೀಟರ್ ಪೈಪ್ ಹಾಕಿ ಆಗಿದೆ, ಇನ್ನು ಬರೀ ತೊಂಬತ್ತು ಇದ್ದದ್ದು. ಎಲ್ಲಿಯೋ ಎ.ಸಿ.ಯಲ್ಲಿ ಕೂತು ಯಾರೋ ಬರೆದು ಕೊಟ್ಟದ್ದಂತೆ. ಒಂದು ಸಲ ಬಂದು ಈ ಮರಳಲ್ಲಿ ನಿಂತು ನೋಡ್ಲಿಕ್ಕೆ ಅವರಿಗೆ ಎಂಥ ಆಗಿತ್ತು?"

"ಹೌದು" ಎಂದೆ. ಅಷ್ಟೇ ಹೇಳಿದ್ದು.

ಬರೆದವಳು ನಾನು.

ಅಕ್ಟೋಬರಿನಲ್ಲಿ ನೀವಿರುವ ದೇಶದ ಹಣಕಾಸು ಇಲಾಖೆ ನಮ್ಮ ಸಲಹಾ ಸಂಸ್ಥೆಗೆ ಕೆಲಸ ಕೊಟ್ಟಿತು. ಎಣ್ಣೆಗೆ ಬ್ಯಾರೆಲ್ಲಿಗೆ ಹದಿನೈದು ಡಾಲರ್ ಸಿಗುತ್ತದೆಂದು ನಂಬಿ ಅವರು ಬಜೆಟ್ ಮಾಡಿದ್ದರು. ಡಿಸೆಂಬರಿಗೆ ಅದು ಹತ್ತಕ್ಕೆ ಬಂದಿತ್ತು. ಎಣ್ಣೆ ಬಿಟ್ಟರೆ ಹೇಳಿಕೊಳ್ಳುವ ಆದಾಯವೇ ಇಲ್ಲದ ಸರಕಾರ. ಸಂಬಳ, ಆಸ್ಪತ್ರೆ, ಜನರಿಗೆ ಅಗ್ಗದಲ್ಲಿ ಕೊಡುವ ಕರೆಂಟು, ನೀರು ಎಲ್ಲವೂ ಅದರಿಂದಲೇ ನಡೆಯಬೇಕು. ಎಲ್ಲಿ ಕಡಿತ ಮಾಡಬೇಕೆಂದು ನಾವು ಹೇಳಬೇಕಿತ್ತು. ವರದಿಯ ಆ ಅಧ್ಯಾಯ ನನ್ನ ಪಾಲಿಗೆ ಬಂತು.

ನಿಮ್ಮ ಪೈಪ್‌ಲೈನಿನ ಬೆಲೆ ಆ ಆಫೀಸಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಊಟದ ತಟ್ಟೆಯ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದ್ದಿರಿ. ಕರೆಂಟಿಗೂ ಸಮುದ್ರದ ನೀರನ್ನು ಸಿಹಿ ಮಾಡುವುದಕ್ಕೂ ಮಾರಬೇಕಾದ ಎಣ್ಣೆಯನ್ನೇ ಸುಡುತ್ತಿದ್ದಾರೆ, ಮರುಭೂಮಿಯಲ್ಲಿರುವ ಸ್ವಂತ ಗ್ಯಾಸನ್ನು ಕರಾವಳಿಗೆ ತಂದರೆ ಆ ಎಣ್ಣೆ ಉಳಿಯುತ್ತದೆ, ಬೆಲೆ ಬಿದ್ದ ವರ್ಷವೂ ದೇಶ ಯಾರ ಮುಂದೆಯೂ ಕೈಚಾಚಬೇಕಿಲ್ಲ ಎಂದು. ಅದೆಲ್ಲ ಗೊತ್ತಿದ್ದೂ ಬರೆದೆ.

ನಮ್ಮ ಟೀಮಿನ ಮುಖ್ಯಸ್ಥರಾದ ಮಂಡ್ಯ ಕಡೆಯ ಮಧುಕರ್ ಬಾಗಿಲು ಹಾಕಿ ಕೂರಿಸಿಕೊಂಡು ಹೇಳಿದರು: "ನೋಡಿ ಸೌದಾಮಿನಿ, ಸಂಬಳ ಮುಟ್ಟೋ ಹಾಗಿಲ್ಲ. ಸಬ್ಸಿಡಿ ಮುಟ್ಟಿದ್ರೆ ಜನ ಬೀದಿಗೆ ಬರ್ತಾರೆ. ಪ್ರಾಜೆಕ್ಟುಗಳೇ ಉಳಿಯೋದು. ಅದ್ರಲ್ಲಿ ದೊಡ್ಡದು ಈ ಪೈಪ್‌ಲೈನು."

ನನ್ನ ಗಂಡ ಅಲ್ಲೇ ಕೆಲಸ ಮಾಡುವುದು ಎನ್ನಬೇಕಿತ್ತು. ಹಾಗೆಂದ ಕೂಡಲೇ ನನ್ನನ್ನು ಆ ಕೆಲಸದಿಂದ ತೆಗೆಯುತ್ತಿದ್ದರು, ಮೊದಲೇ ಯಾಕೆ ಹೇಳಲಿಲ್ಲ ಎಂದೂ ಕೇಳುತ್ತಿದ್ದರು. ಗ್ರೀನ್ ಕಾರ್ಡಿನ ಫೈಲು ಮೂರು ವರ್ಷದಿಂದ ಸಂಸ್ಥೆಯ ವಕೀಲರ ಬಳಿ ಇದೆ. ಈ ಕೆಲಸ ಹೋದರೆ ಫೈಲೂ ಹೋಯಿತು, ನಾನೂ ಮಗಳೂ ದೇಶ ಬಿಡಬೇಕು. ಬೇರೆ ದಾರಿ ಇರಲಿಲ್ಲ. "ಕಾಮಗಾರಿಯನ್ನು ಅನಿರ್ದಿಷ್ಟ ಕಾಲ ನಿಲ್ಲಿಸಬಹುದು" ಎಂದು ಬರೆದು ಕೊಟ್ಟೆ. ಇನ್ನು ಮೂರು ವರ್ಷ ಬೆಲೆ ಏಳುವುದಿಲ್ಲ ಎಂದೂ ಬರೆದೆ. ಮಾರ್ಚಿನಲ್ಲಿ ಎಣ್ಣೆ ಮಾರುವ ದೇಶಗಳೆಲ್ಲ ಸೇರಿ ಉತ್ಪಾದನೆ ಇಳಿಸಲು ಒಪ್ಪಿದವು. ಬೆಲೆ ಆಗಲೇ ಹದಿನೈದರ ಹತ್ತಿರ ಬಂದಿದೆ. ಮಧುಕರ್ ಭುಜ ಕುಣಿಸಿ, "ಫೋರ್‌ಕಾಸ್ಟು ಅಂದ್ಮೇಲೆ ತಪ್ಪತ್ತೆ ಕಣ್ರೀ" ಎಂದರು. ನಾಳೆಯಿಂದ ಇನ್ನೊಂದು ಎಣ್ಣೆಯ ದೇಶದ ಬಜೆಟ್ ನನ್ನ ಮೇಜಿಗೆ ಬರುತ್ತದೆ.

"ಇನ್ನು ಅಲ್ಲಿಗೇ ಬರ್ತೇನೆ, ಬೇರೆ ಎಂಥ ಮಾಡುವುದು" ಎಂದಿರಿ. ಬಂದರೆ ನಿಮಗೆ ಸಿಗುವ ವೀಸಾದಲ್ಲಿ ಇಲ್ಲಿ ಇರಬಹುದು, ದುಡಿಯುವ ಹಾಗಿಲ್ಲ. ಹಾಗಿರುವವರನ್ನು ಇಲ್ಲಿ ನೋಡಿದ್ದೇನೆ, ಹೆಚ್ಚಿನವರು ಹೆಂಗಸರು. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಟ್ಟು, ಲೈಬ್ರರಿಯಲ್ಲಿ ಒಂದೇ ಪೇಪರನ್ನು ಎರಡೆರಡು ಸಲ ಓದಿ, ಶಾಲೆ ಬಿಡುವ ಮುಂಚೆಯೇ ಹೋಗಿ ಗೇಟಿನ ಹತ್ತಿರ ನಿಲ್ಲುತ್ತಾರೆ. ಎಂಜಿನಿಯರಾಗಿ ನಲವತ್ತು ಜನರಿಗೆ ಕೆಲಸ ಹೇಳುತ್ತಿದ್ದ ನಿಮ್ಮನ್ನು ಆ ಗೇಟಿನ ಹತ್ತಿರ ಊಹಿಸಿಕೊಳ್ಳಲು ನನಗೆ ಆಗುವುದಿಲ್ಲ. ನಾನು ಈ ಕೆಲಸ ಬಿಡುವ ಹಾಗಿಲ್ಲ, ನೀವು ಅಲ್ಲಿ ಉಳಿಯುವ ಹಾಗಿಲ್ಲ.

ಮೈ ಕಡೆ ಗಮನ ಇರಲಿ. ಬಿಸಿಲಿಗೆ ನಿಲ್ಲಬೇಡಿ, ಪ್ರೆಶರಿನ ಮಾತ್ರೆ ತಪ್ಪಿಸಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಮಗಳ ಮುತ್ತು.

ನಿಮ್ಮ
ಸೌದಾಮಿನಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಬೇರೆ ದಾರಿ ಇರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕೆಲಸ ಪೂರ್ತಿ ನಿಲ್ಲಿಸುವುದು ಬೇಡ, ಉಳಿದ ಎರಡು ವರ್ಷದ ಕೆಲಸವನ್ನು ನಾಲ್ಕು ವರ್ಷಕ್ಕೆ ಎಳೆಯೋಣ, ಎಂಜಿನಿಯರುಗಳು ಉಳಿಯಲಿ ಎಂದು ಮಧುಕರ್ ಅವರೇ ಹೇಳಿದ್ದರು. ಅದರಿಂದ ಸಾಕಷ್ಟು ಉಳಿಯುವುದಿಲ್ಲ ಎಂದು ವಾದ ಮಾಡಿದವಳು ನಾನು. ನಾಲ್ಕು ವರ್ಷ ಎಂದ ಕೂಡಲೇ ನನಗೆ ದೇಶವೂ ಕಾಣಲಿಲ್ಲ, ಬಜೆಟ್ಟೂ ಕಾಣಲಿಲ್ಲ. ಇನ್ನೂ ನಾಲ್ಕು ವರ್ಷ ನೀವು ಬರುವುದಿಲ್ಲ ಎನ್ನುವುದೊಂದೇ ಕಂಡಿತು. ಕೆಲಸ ನಿಂತಿತು ಎಂದು ನೀವು ಫೋನಿನಲ್ಲಿ ಅತ್ತಾಗ ನನಗೆ ಮೊದಲು ಆದದ್ದು ಸಂತೋಷ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಏರ್‌ಪೋರ್ಟಿನಲ್ಲಿ ಎದುರುಗೊಳ್ಳಲು ನನ್ನಿಂದಾಗದು. ಬರುವುದೋ ಬೇಡವೋ, ನೀವೇ ಹೇಳಿ. ನಾನು ಇನ್ನು ಏನೂ ಹೇಳುವುದಿಲ್ಲ.